ಮರ ಇಳಿಸುವ ಕೆಲಸಕ್ಕೆ ಸ್ಲಿಂಗ್ ಮತ್ತು ಪೋರ್ಟಾ ರ‍್ಯಾಪ್: ಕಾಫಿ ತೋಟದಲ್ಲಿ ಬಳಸಿ ನೋಡಿದ ಮೇಲೆ

ಕಾಫಿ ತೋಟದ ನಡುವೆ ನಿಂತ ದೊಡ್ಡ ಸಿಲ್ವರ್ ಓಕ್ ಮರವನ್ನು ಬುಡದಲ್ಲಿ ಕಡಿದು ಉರುಳಿಸಿದರೆ, ಅದು ಬಿದ್ದ ಉದ್ದಕ್ಕೂ ಕಾಫಿ ಗಿಡಗಳು ಮುರಿಯುತ್ತವೆ, ಪಕ್ಕದ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಹರಿದು ನೆಲಕ್ಕೆ ಬರುತ್ತದೆ. ಹಾಗೆ ಕಳೆದುಹೋದ ಗಿಡ ಮತ್ತೆ ಫಸಲಿಗೆ ಬರಲು ವರ್ಷಗಳೇ ಬೇಕು. ಮರಗಸಿಯ, ಅಂದರೆ ನೆರಳು ಮರಗಳ ರೆಂಬೆ ಸವರುವ, ಕಾಲದಲ್ಲಿ ಕೈಗಾತ್ರದ ರೆಂಬೆಗಳನ್ನು ಕಡಿದು ಕೆಳಗೆ ಬಿಡುವುದರಿಂದ ಅಷ್ಟೇನೂ ನಷ್ಟವಾಗುವುದಿಲ್ಲ. ಆದರೆ ಒಣಗಿ ನಿಂತ, ಇಲ್ಲವೇ ಮನೆಯ ಹೆಂಚಿನ ಮೇಲೆ, ಕಣದ ಮೇಲೆ ವಾಲಿದ ಮರವನ್ನು ತುದಿಯಿಂದ ತುಂಡು ತುಂಡಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ಹಗ್ಗದಲ್ಲಿ ಇಳಿಸದೆ ಬೇರೆ ದಾರಿಯಿಲ್ಲ. ಅಮೆರಿಕ, ಬ್ರಿಟನ್ ಮುಂತಾದೆಡೆ ಈ ಕೆಲಸಕ್ಕೆಂದೇ ರೂಪಿಸಿದ ಸಲಕರಣೆಗಳು ಬಹಳ ಕಾಲದಿಂದ ಬಳಕೆಯಲ್ಲಿವೆ. ಅವುಗಳಲ್ಲಿ ಸಕಲೇಶಪುರದ ಕಡೆಯ ನಮ್ಮ ತೋಟದ ಕೆಲಸದಲ್ಲಿ ಬಳಸಿ ನೋಡಿದ, ಸಾಧನವನ್ನು ಮರಕ್ಕೆ ಬಿಗಿಯುವ ಹಗ್ಗ ಇಲ್ಲವೇ ಪಟ್ಟಿಯಾದ ಸ್ಲಿಂಗ್‌ಗಳು, ಬುಡದಲ್ಲಿ ಹಗ್ಗವನ್ನು ತಡೆದು ಬಿಡುವ ಪೋರ್ಟಾ ರ‍್ಯಾಪ್ ಮುಂತಾದ ಸಾಧನಗಳು ಮತ್ತು ಮರದ ಮೇಲೆ ಕಟ್ಟುವ ಬ್ಲಾಕ್ (ರಾಟೆ), ರಿಂಗ್‌ಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಖರೀದಿಯನ್ನು ಮರದ ಬುಡದಿಂದ ಆರಂಭಿಸಬೇಕೇ ಹೊರತು ತುದಿಯಿಂದಲ್ಲ. ಹೆಚ್ಚಿನವರು ಮೊದಲು ಹೊಳೆಯುವ ರಾಟೆಯನ್ನು ಕೊಳ್ಳುತ್ತಾರೆ, ಕೆಳಗಿನ ಹಗ್ಗವನ್ನು ಮಾತ್ರ ಎಂದಿನಂತೆ ಮರದ ಕಾಂಡಕ್ಕೇ ಸುತ್ತಿ ಹಿಡಿಯುತ್ತಾರೆ. ಇದು ತಿರುಗುಮುರುಗಾದ ಕ್ರಮ. ಬುಡದಲ್ಲಿ ಹಗ್ಗ ಸರಾಗವಾಗಿ ಜಾರಿ ನಿಧಾನವಾಗಿ ನಿಲ್ಲುವಂತಿದ್ದರೆ ಮೇಲಿನ ಸ್ಲಿಂಗ್, ಗಂಟು, ಕೊಂಬೆ, ಕಾಂಡ ಎಲ್ಲದರ ಮೇಲಿನ ಭಾರ ಕಡಿಮೆಯಾಗುತ್ತದೆ. ಬುಡದಲ್ಲಿ ಹಗ್ಗ ಸಿಕ್ಕಿಕೊಂಡರೆ ಮೇಲೆ ಎಷ್ಟೇ ಬೆಲೆಯ ರಾಟೆಯಿದ್ದರೂ ಏಟು ಬೀಳುವುದು ಅದಕ್ಕೇ ಮತ್ತು ಅದರ ಹತ್ತಿರ ಬೆಲ್ಟು ಬಿಗಿದು ನಿಂತ ಮನುಷ್ಯನಿಗೇ.

ಕಾಂಡಕ್ಕೆ ಹಗ್ಗ ಸುತ್ತಿ ಭಾರ ಇಳಿಸುವ ಪದ್ಧತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದರ ಹಿಂದಿನ ತತ್ತ್ವವೇ ಈ ಎಲ್ಲ ಸಾಧನಗಳ ಹಿಂದೆಯೂ ಇರುವುದು. ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣೆಯ ಗುಣಾಂಕ 0.2 ಎಂದು ಇಟ್ಟುಕೊಂಡರೆ, 200 ಕೆ.ಜಿ. ಭಾರವನ್ನು ಹಿಡಿದಿಡಲು ಒಂದು ಪೂರ್ತಿ ಸುತ್ತಿನ ನಂತರ ಸುಮಾರು 57 ಕೆ.ಜಿ. ಎಳೆತ ಬೇಕು, ಎರಡು ಸುತ್ತಿಗೆ 16 ಕೆ.ಜಿ. ಸಾಕು, ಮೂರು ಸುತ್ತಿಗೆ ಐದು ಕೆ.ಜಿ.ಗೂ ಕಡಿಮೆ. ಈ ಲೆಕ್ಕದಲ್ಲಿ ಸುತ್ತುವ ವಸ್ತುವಿನ ದಪ್ಪ ಬರುವುದೇ ಇಲ್ಲ. ಒಂದು ಗೇಣು ದಪ್ಪದ ಕಬ್ಬಿಣದ ಕೊಳವೆಗೆ ಸುತ್ತಿದರೂ ತಬ್ಬುವಷ್ಟು ದೊಡ್ಡ ಕಾಂಡಕ್ಕೆ ಸುತ್ತಿದರೂ ಸುತ್ತಿನ ಸಂಖ್ಯೆ ಮತ್ತು ಮೇಲ್ಮೈಯ ಗುಣವೇ ಲೆಕ್ಕಕ್ಕೆ ಬರುವಂಥವು. ಕಾಂಡದ ತೊಂದರೆ ಇರುವುದು ಆ ಮೇಲ್ಮೈಯಲ್ಲಿ. ಸಿಲ್ವರ್ ಓಕಿನ ತೊಗಟೆ ಸೀಳುಸೀಳಾಗಿ ಒರಟಾಗಿರುತ್ತದೆ. ಒಣಗಿದ್ದಾಗ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ, ಹಸಿ ತೊಗಟೆ ಸುಲಿದು ಒಳಗಿನ ನುಣುಪು ಹೊರಬಂದ ಕ್ಷಣದಲ್ಲಿ ಅದೇ ಎರಡು ಸುತ್ತು ಸರ‍್ರನೆ ಜಾರುತ್ತದೆ. ಮುಂದಿನ ತುಂಡು ಹೇಗೆ ಇಳಿಯುತ್ತದೆ ಎಂಬುದನ್ನು ಹಗ್ಗ ಹಿಡಿದವರು ಮೊದಲೇ ಹೇಳಲಾರರು. ಜೊತೆಗೆ, ಸಡಿಲವಾದ ಹಗ್ಗವನ್ನು ಎಳೆದುಕೊಳ್ಳಬೇಕಾದಾಗ ಕಾಂಡವನ್ನು ಸುತ್ತಿಬರಬೇಕು. ಹಗ್ಗವೂ ತೊಗಟೆಗೆ ಉಜ್ಜಿ ಬೇಗ ನಾರು ಬಿಡುತ್ತದೆ.

ಪೋರ್ಟಾ ರ‍್ಯಾಪ್ ಈ ಅನಿಶ್ಚಿತತೆಯನ್ನು ಹೋಗಲಾಡಿಸುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಅದರ ಮುಖ್ಯ ಗುಣ ಅದೇ. ರಚನೆ ಬಹಳ ಸರಳ: ಒಂದು ಗಟ್ಟಿ ಲೋಹದ ಕೊಳವೆ, ಅದರ ಒಂದು ತುದಿಯಲ್ಲಿ ಸ್ಲಿಂಗ್ ಸಿಕ್ಕಿಸುವ ಬಳೆ, ಇನ್ನೊಂದು ತುದಿಯಲ್ಲಿ ಹಗ್ಗ ಕಳಚದಂತೆ ತಡೆಯುವ ಅಡ್ಡಗೂಟ. ತಿರುಗುವ ಭಾಗ ಒಂದೂ ಇಲ್ಲ, ಹಾಗಾಗಿ ಕೆಡುವಂಥದ್ದೂ ಇಲ್ಲ. ಹಗ್ಗದ ತುದಿಯನ್ನು ಪೋಣಿಸುವ ಅಗತ್ಯವಿಲ್ಲದೆ, ಹಗ್ಗದ ಮಧ್ಯದಿಂದಲೇ ಒಂದು ಮಡಿಕೆ ತೆಗೆದು ಸುತ್ತಬಹುದು. ಹಗುರ ರೆಂಬೆಗೆ ಒಂದು ಸುತ್ತು, ದಿಮ್ಮಿಗೆ ಮೂರು ಸುತ್ತು ಎಂದು ತುಂಡಿನಿಂದ ತುಂಡಿಗೆ ಬದಲಿಸಲು ಕೆಲವೇ ಕ್ಷಣ ಸಾಕು. ನುಣುಪಾದ ಲೋಹದ ಮೇಲೆ ಹಗ್ಗ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ರೀತಿ ಜಾರುವುದರಿಂದ, ಕೆಳಗಿನವರ ಕೈಗೆ ನಾಲ್ಕಾರು ತುಂಡುಗಳಲ್ಲೇ ಅಂದಾಜು ಕೂರುತ್ತದೆ. ಮಳೆಯಲ್ಲಿ ನೆನೆದ ಹಗ್ಗ ಬೇರೆ ರೀತಿ ವರ್ತಿಸುತ್ತದೆ ಎಂಬುದನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು, ಅಂಥ ದಿನ ಸಣ್ಣ ತುಂಡಿನಿಂದ ಆರಂಭಿಸಬೇಕು.

ಈ ಸಾಧನವನ್ನು ಬಕಿಂಗ್‌ಹ್ಯಾಮ್, ನಾಚ್ ಮುಂತಾದ ಕಂಪನಿಗಳು ಬೇರೆ ಬೇರೆ ಅಳತೆಗಳಲ್ಲಿ ಮಾರುತ್ತವೆ. ಅತಿ ಚಿಕ್ಕದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಅದು ಸಾಲದೆ ಹೋಗುವುದು ಭಾರಕ್ಕಿಂತ ಹೆಚ್ಚಾಗಿ ಶಾಖದ ಕಾರಣಕ್ಕೆ. 200 ಕೆ.ಜಿ.ಯ ತುಂಡು ಹತ್ತು ಮೀಟರ್ ಇಳಿದಾಗ ಸುಮಾರು 20 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ, ಅದರ ಬಹುಭಾಗ ಶಾಖವಾಗಿ ಕೊಳವೆಗೂ ಹಗ್ಗಕ್ಕೂ ಸೇರುತ್ತದೆ. ದಪ್ಪ ಕೊಳವೆಯಲ್ಲಿ ಆ ಶಾಖ ಹರಡಿಕೊಳ್ಳುತ್ತದೆ, ತೆಳುವಾದುದರಲ್ಲಿ ಹಗ್ಗ ತಾಗುವ ಜಾಗದಲ್ಲೇ ಉಳಿಯುತ್ತದೆ. ಅಲ್ಯೂಮಿನಿಯಂ ಹಗುರ, ಶಾಖವನ್ನೂ ಬೇಗ ಹರಡುತ್ತದೆ. ಆದರೆ ನಮ್ಮ ಕಡೆಯ ಕೆಂಪು ಮಣ್ಣು ಮೆತ್ತಿದ ಹಗ್ಗ ಅದರ ಮೇಲೆ ಹರಿದು ಹರಿದು ಗೆರೆ ಬೀಳಿಸುತ್ತದೆ. ಉಕ್ಕಿನದು ಹೊರಲು ಭಾರ, ಆದರೂ ಮಣ್ಣಿನ ತೋಟದಲ್ಲಿ ಅದೇ ಬಾಳಿಕೆ ಬರುತ್ತದೆ ಎಂಬುದು ನನ್ನ ಅನುಭವ. ಯಾವುದನ್ನು ಕೊಂಡರೂ ಅದರ ಮೈಮೇಲೆ ಕೆಲಸದ ಭಾರಮಿತಿಯನ್ನು ಕೊರೆದಿರಬೇಕು. ಲೇತ್ ಅಂಗಡಿಯಲ್ಲಿ ಪೈಪು ಬೆಸೆದು ಮಾಡಿಸಿದ ನಕಲು ನೋಡಲು ಹಾಗೆಯೇ ಇರಬಹುದು, ಆದರೆ ಅದರ ಬೆಸುಗೆ ಎಷ್ಟು ತಡೆಯುತ್ತದೆಂದು ಯಾರೂ ಎಳೆದು ನೋಡಿರುವುದಿಲ್ಲ. ಅದನ್ನು ಬಳಸಬಾರದು ಎಂದು ಕಟ್ಟುನಿಟ್ಟಾಗಿ ಹೇಳುತ್ತೇನೆ.

ಶಾಖದ ಮಾತು ಬಂದದ್ದರಿಂದ ಹಗ್ಗದ ವಿಷಯವನ್ನು ಇಲ್ಲೇ ಮುಗಿಸುವುದು ಒಳ್ಳೆಯದು. ಸಂತೆಯಲ್ಲಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಹಸಿರು, ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಅದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಮೆತ್ತಗಾಗುವುದು ಅದಕ್ಕೂ ಬಹಳ ಮುಂಚೆ. ಲೋಹದ ಮೇಲೆ ವೇಗವಾಗಿ ಜಾರಿದರೆ ಅದರ ಮೈ ಗಾಜಿನಂತಾಗಿ, ಮುಂದಿನ ಸಲ ಅಲ್ಲಿಯೇ ಹರಿಯಬಹುದು. ಪಾಲಿಯೆಸ್ಟರ್ ಸುಮಾರು 250 ಡಿಗ್ರಿಯವರೆಗೆ ಕರಗುವುದಿಲ್ಲ, ನೈಲಾನಿನಷ್ಟು ಹಿಗ್ಗುವುದೂ ಇಲ್ಲ; ಆದ್ದರಿಂದ ಎರಡು ಪದರದ ಹೆಣಿಗೆಯ ಪಾಲಿಯೆಸ್ಟರ್ ಹಗ್ಗವೇ ಈ ಕೆಲಸಕ್ಕೆ ಸರಿ. ಡೈನೀಮಾದಂಥ ನೂಲಿನ ಹಗ್ಗ ತೂಕಕ್ಕೆ ಹೋಲಿಸಿದರೆ ಅಸಾಧಾರಣ ಗಟ್ಟಿ, ಆದರೆ ಅದು 150 ಡಿಗ್ರಿಯ ಆಸುಪಾಸಿನಲ್ಲೇ ಕರಗುವುದರಿಂದ ಜಾರುವ ಜಾಗಕ್ಕೆ ಅದನ್ನು ತರಬಾರದು.

ಈಗ ಸ್ಲಿಂಗ್. ಪೋರ್ಟಾ ರ‍್ಯಾಪನ್ನು ಬುಡಕ್ಕೆ ಕಟ್ಟಲು ವೂಪಿ ಸ್ಲಿಂಗಿಗಿಂತ ಅನುಕೂಲವಾದದ್ದನ್ನು ನಾನು ಕಂಡಿಲ್ಲ. ಇದನ್ನು ಹನ್ನೆರಡು ಎಳೆಯ ಪೊಳ್ಳು ಹೆಣಿಗೆಯ ಪಾಲಿಯೆಸ್ಟರ್ ಹಗ್ಗದಿಂದ ಮಾಡುತ್ತಾರೆ. ಸ್ಯಾಮ್ಸನ್ ಕಂಪನಿಯ ಟೆನೆಕ್ಸ್ ಟೆಕ್ ಇದಕ್ಕೆ ಹೆಸರಾದ ಹಗ್ಗ. ಒಂದು ತುದಿಯಲ್ಲಿ ಶಾಶ್ವತವಾದ ಕಣ್ಣು, ಇನ್ನೊಂದು ತುದಿಯಲ್ಲಿ ಹಗ್ಗ ತನ್ನದೇ ಪೊಳ್ಳಿನೊಳಗೆ ನುಸುಳಿ ಹೊರಬಂದು, ಬೇಕಾದಷ್ಟು ಹಿಗ್ಗಿಸಿ ಕುಗ್ಗಿಸಬಲ್ಲ ದೊಡ್ಡ ಕುಣಿಕೆಯಾಗಿರುತ್ತದೆ. ಕಾಂಡವನ್ನು ಬಳಸಿ, ಬಾಲವನ್ನು ಜಗ್ಗಿದರೆ ಸ್ಲಿಂಗ್ ಮರಕ್ಕೆ ಬಿಗಿಯಾಗಿ ಕೂರುತ್ತದೆ. ಭಾರ ಬಿದ್ದಷ್ಟೂ ಹೊರಗಿನ ಹೆಣಿಗೆ ಒಳಗಿನ ಹಗ್ಗವನ್ನು ಹಿಚುಕಿ ಹಿಡಿಯುತ್ತದೆ. ಗಂಟು ಹಾಕುವುದಾಗಲಿ ಬಿಚ್ಚುವುದಾಗಲಿ ಇಲ್ಲದ್ದರಿಂದ, ಹೊಸಬರು ತಪ್ಪು ಕಟ್ಟುವ ಸಂಭವವೂ ಕಡಿಮೆ. ಆದರೆ ಎರಡು ಎಚ್ಚರ ಬೇಕು. ಜಗ್ಗಿದ ಮೇಲೆ ನುಸುಳಿದ ಭಾಗದ ಹೊರ ಹೆಣಿಗೆಯನ್ನು ಕೈಯಿಂದ ಉದ್ದಕ್ಕೂ ನೀವಿ ಬಿಗಿಮಾಡಬೇಕು, ಇಲ್ಲವಾದರೆ ಭಾರವೇ ಇಲ್ಲದ ಹೊತ್ತಿನಲ್ಲಿ ಅದು ಸಡಿಲಗೊಳ್ಳುತ್ತದೆ. ಮರಕ್ಕೆ ತಕ್ಕ ಉದ್ದದ್ದನ್ನೇ ತರಬೇಕು. ತೀರಾ ಸಣ್ಣ ಕಾಂಡಕ್ಕೆ ದೊಡ್ಡ ಸ್ಲಿಂಗ್ ಪೂರ್ತಿ ಬಿಗಿಯಾಗುವುದೇ ಇಲ್ಲ.

ಲೂಪಿ ಸ್ಲಿಂಗ್ ಇದೇ ಜಾತಿಯದು, ಎರಡೂ ಕಡೆ ಸೇರಿ ಒಂದೇ ಬಳೆಯಾಗಿರುತ್ತದೆ. ಮರದ ಮೇಲೆ ಬ್ಲಾಕ್ ಕಟ್ಟಲು ಕೆಲವರು ಅದನ್ನು ಮೆಚ್ಚುತ್ತಾರೆ. ನಾನು ಮೇಲಿನ ಕೆಲಸಕ್ಕೆ ಆರಿಸಿಕೊಳ್ಳುವುದು ಡೆಡ್ ಐ ಸ್ಲಿಂಗನ್ನು, ಅಂದರೆ ಒಂದು ತುದಿಯಲ್ಲಷ್ಟೇ ಕಣ್ಣಿದ್ದು ಉಳಿದುದೆಲ್ಲ ನೇರ ಹಗ್ಗವಾಗಿರುವುದನ್ನು. ಮೇಲೆ ಹೋದಂತೆ ಕಾಂಡ ಸಣ್ಣದು, ಕೆಳಗಿಳಿದಂತೆ ದಪ್ಪ. ಡೆಡ್ ಐ ಸ್ಲಿಂಗ್ ಒಂದೇ ಎಲ್ಲ ದಪ್ಪಕ್ಕೂ ಹೊಂದುತ್ತದೆ. ಅದಕ್ಕೆ ಗಂಟು ಕಲಿಯಬೇಕು, ನಿಜ. ಕೌ ಹಿಚ್ ಹಾಕಿ ಕೊನೆಗೊಂದು ಹಾಫ್ ಹಿಚ್ ಬಿಗಿದರೆ ಎಳೆತ ಯಾವ ದಿಕ್ಕಿನಿಂದ ಬಂದರೂ ನಿಲ್ಲುತ್ತದೆ. ಟಿಂಬರ್ ಹಿಚ್ ಹಾಕುವವರು ಕನಿಷ್ಠ ಐದು ಸಲ ಹೆಣೆದು, ಆ ಹೆಣಿಗೆಯನ್ನು ಕಾಂಡದ ಸುತ್ತ ಹರಡಿರಬೇಕು, ಮತ್ತು ಎಳೆತ ಗಂಟು ಬಿಗಿಯುವ ದಿಕ್ಕಿನಲ್ಲೇ ಇರಬೇಕು. ಆ ಖಾತರಿ ಇಲ್ಲದ ಕಡೆ ನಾನು ಅದನ್ನು ಹಾಕಿಸುವುದಿಲ್ಲ.

ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವುದು ಕ್ರೇನಿನವರು ಬಳಸುವ ಚಪ್ಪಟೆ ಪಟ್ಟಿಯ ಸ್ಲಿಂಗ್. ಅದನ್ನು ತಳ್ಳಿಹಾಕಬೇಕಾಗಿಲ್ಲ, ಅದರ ಭಾಷೆಯನ್ನು ಓದಲು ಕಲಿತರೆ ಸಾಕು. ಯುರೋಪಿನ ಇಎನ್ 1492 ಮಾನಕದಂತೆ ನೇರಳೆ ಬಣ್ಣ ಒಂದು ಟನ್, ಹಸಿರು ಎರಡು, ಹಳದಿ ಮೂರು, ಬೂದು ನಾಲ್ಕು, ಕೆಂಪು ಐದು ಟನ್. ಹೊಲಿದ ಚೀಟಿ ನೀಲಿಯಾಗಿದ್ದರೆ ಪಾಲಿಯೆಸ್ಟರ್, ಹಸಿರಾಗಿದ್ದರೆ ನೈಲಾನ್, ಕಂದಾಗಿದ್ದರೆ ಪಾಲಿಪ್ರೊಪಿಲೀನ್. ಪಟ್ಟಿಯನ್ನು ಜೀರುಗುಣಿಕೆಯಂತೆ ಬಿಗಿದಾಗ ಭಾರಮಿತಿ ಹತ್ತಕ್ಕೆ ಎಂಟು ಪಾಲಿಗೆ ಇಳಿಯುತ್ತದೆ ಎಂಬುದೂ ಚೀಟಿಯಲ್ಲೇ ಇರುತ್ತದೆ. ಈ ಮಿತಿಗಳು ಹರಿಯುವ ಬಲದ ಏಳನೇ ಒಂದು ಪಾಲಿನಂತೆ ನಿಗದಿಯಾದವು, ಆದರೆ ಅವು ನಿಧಾನವಾಗಿ ಎತ್ತುವ ಕೆಲಸಕ್ಕೆ ಹೇಳಿದವು; ಬಿದ್ದು ಜಗ್ಗುವ ಭಾರಕ್ಕೆ ಅಲ್ಲ. ಹಾಗಾಗಿ ಪಟ್ಟಿಯ ಸ್ಲಿಂಗನ್ನು ನಾನು ಬುಡದ ಸಾಧನವನ್ನು ಕಟ್ಟಲು ಅಥವಾ ಇಳಿಸುವ ಕೊಂಬೆಗೆ ಸಮತೋಲದ ಎರಡನೇ ಹಿಡಿತ ಕೊಡಲು ಬಳಸುತ್ತೇನೆ. ಓಡುವ ಹಗ್ಗ ಅದರ ಕಣ್ಣಿನ ಮೂಲಕ ನೇರವಾಗಿ ಹಾದುಹೋಗಲು ಎಂದೂ ಬಿಡಬಾರದು. ಬಟ್ಟೆಯ ಮೇಲೆ ಬಟ್ಟೆ ಉಜ್ಜಿದರೆ ಕೆಲವೇ ಮೀಟರಿನಲ್ಲಿ ಪಟ್ಟಿ ಕರಗಿ ಹರಿಯುತ್ತದೆ. ಚೀಟಿ ಹರಿದುಹೋದ ಸ್ಲಿಂಗ್ ಎಷ್ಟು ಹೊಸದಾಗಿ ಕಂಡರೂ ಬೇಡ.

ಮರದ ಮೇಲಿನ ಬಿಂದುವಿಗೆ ಬ್ಲಾಕ್ ಒಳ್ಳೆಯದೋ ರಿಂಗ್ ಒಳ್ಳೆಯದೋ ಎಂಬ ಪ್ರಶ್ನೆಗೆ ಉತ್ತರಿಸುವ ಮೊದಲು ಅಲ್ಲಿ ಬೀಳುವ ಭಾರವನ್ನು ತಿಳಿಯಬೇಕು. 40 ಸೆಂ.ಮೀ. ವ್ಯಾಸದ, ಒಂದೂವರೆ ಮೀಟರ್ ಉದ್ದದ ಹಸಿ ತುಂಡು ಸುಮಾರು 0.19 ಘನ ಮೀಟರ್. ಘನ ಮೀಟರಿಗೆ 800ರಿಂದ 1000 ಕೆ.ಜಿ. ಎಂದು ಹಿಡಿದರೆ 150ರಿಂದ 190 ಕೆ.ಜಿ. ತೂಗುತ್ತದೆ. ಅದು ರಾಟೆಯಲ್ಲಿ ಸುಮ್ಮನೆ ತೂಗುತ್ತಿದ್ದರೂ, ಒಂದು ಕಡೆ ತುಂಡಿನ ಭಾರ, ಇನ್ನೊಂದು ಕಡೆ ಅದನ್ನು ಹಿಡಿದ ಎಳೆತ ಸೇರಿ, ರಾಟೆ ಕಟ್ಟಿದ ಜಾಗಕ್ಕೆ ಹೆಚ್ಚುಕಡಿಮೆ ಎರಡರಷ್ಟು ಭಾರ ಬೀಳುತ್ತದೆ. ತಲೆ ಕಳೆದ ಕಾಂಡದಲ್ಲಿ ರಾಟೆಯನ್ನು ಕತ್ತರಿಸುವ ಜಾಗದ ಕೆಳಗೆ ಕಟ್ಟಬೇಕಾಗುವುದರಿಂದ ತುಂಡು ಮೊದಲು ಬಿದ್ದು ಆಮೇಲೆ ಹಗ್ಗಕ್ಕೆ ಸಿಗುತ್ತದೆ. 150 ಕೆ.ಜಿ.ಯ ತುಂಡು ಒಂದೂವರೆ ಮೀಟರ್ ಬಿದ್ದು, ಮುಂದಿನ ಅರ್ಧ ಮೀಟರಿನಲ್ಲಿ ನಿಂತರೆ ಹಗ್ಗದ ಸರಾಸರಿ ಎಳೆತ 600 ಕೆ.ಜಿ.ಯಷ್ಟಾಗುತ್ತದೆ, ರಾಟೆಯ ಮೇಲೆ 1200ರ ಹತ್ತಿರ. ಅದೇ ತುಂಡನ್ನು ಮೂರು ಮೀಟರ್ ಓಡಲು ಬಿಟ್ಟು ನಿಲ್ಲಿಸಿದರೆ ಹಗ್ಗಕ್ಕೆ 225, ರಾಟೆಗೆ 450. ಕ್ಷಣಮಾತ್ರದ ಗರಿಷ್ಠ ಎಳೆತ ಈ ಸರಾಸರಿಗಿಂತ ಹೆಚ್ಚೇ ಇರುತ್ತದೆ. ಬುಡದ ಸಾಧನ ಮೊದಲು ಎಂದು ನಾನು ಒತ್ತಿ ಹೇಳಿದ್ದು ಈ ಲೆಕ್ಕದ ಬಲದ ಮೇಲೆ.

ಮರ ಹತ್ತಿ ಕಡಿಯುವುದನ್ನೇ ವೃತ್ತಿಯಾಗಿಸಿಕೊಂಡವರಿಗೆಂದು (ಆರ್ಬರಿಸ್ಟ್) ಮಾಡಿದ ಬ್ಲಾಕುಗಳಲ್ಲಿ ವೇಲ್ಸ್‌ನ ಡಿಎಂಎಂ ಮತ್ತು ಐಎಸ್‌ಸಿ ಕಂಪನಿಗಳ ಕೆಲಸ ಅಚ್ಚುಕಟ್ಟಾಗಿದೆ. ಹಗ್ಗ ಓಡಲು ದೊಡ್ಡ ಗಾಲಿ, ಸ್ಲಿಂಗ್ ಕೂರಲು ಬೇರೆಯೇ ನುಣುಪಾದ ಜಾಗ, ಹಗ್ಗ ಕಾಂಡಕ್ಕೆ ಸಿಕ್ಕಿ ಜಜ್ಜಿಹೋಗದಂತೆ ಎರಡೂ ಬದಿಗೆ ಅಗಲ ತಗಡು ಇವೆಲ್ಲ ಈ ಕೆಲಸವನ್ನು ಬಲ್ಲವರು ಯೋಚಿಸಿ ಮಾಡಿದವು. ಕಟ್ಟಡ ಕೆಲಸದ ಬಾವಿರಾಟೆಯನ್ನು ಇದರ ಬದಲಿಗೆ ತೂಗುಹಾಕುವುದು ಅಪಾಯ. ಗಾಲಿಯ ವ್ಯಾಸ ಹಗ್ಗದ ದಪ್ಪದ ನಾಲ್ಕು ಪಟ್ಟಾದರೂ ಇರಬೇಕು. ಹಾಗಿದ್ದರೂ, ತೋಟದ ಸಾಧಾರಣ ಕೆಲಸಕ್ಕೆ ಬ್ಲಾಕಿಗಿಂತ ರಿಂಗ್ ಸ್ಲಿಂಗ್ ಮೇಲು ಎಂಬ ನಿಲುವಿಗೆ ನಾನು ಬಂದಿದ್ದೇನೆ. ಎಕ್ಸ್ ರಿಗ್ಗಿಂಗ್ ರಿಂಗ್‌ನಂಥವು ಬಾಗಿದ ಮೈಯ ದಪ್ಪ ಅಲ್ಯೂಮಿನಿಯಂ ಬಳೆಗಳು. ಹಗ್ಗ ಅದರೊಳಗೆ ಜಾರುವಾಗ ಅಲ್ಲಿಯೇ ಒಂದಷ್ಟು ತಡೆ ಸಿಗುತ್ತದೆ. ಆ ತಡೆಯಿಂದ ಕೆಳಗಿನ ಕಡೆಯ ಎಳೆತ ಅರ್ಧಕ್ಕೆ ಇಳಿಯಿತೆಂದರೆ, ಕಟ್ಟಿದ ಜಾಗದ ಭಾರ ಎರಡರಷ್ಟರ ಬದಲು ಒಂದೂವರೆಯಷ್ಟಾಗುತ್ತದೆ. ಕೆಳಗೆ ಸುಮಾರು ಅರ್ಧ ಸುತ್ತು ಕಡಿಮೆ ಸಾಕಾಗುತ್ತದೆ. ಎರಡು ಮೂರು ರಿಂಗ್‌ಗಳನ್ನು ಬೇರೆ ಬೇರೆ ಕೊಂಬೆಗೆ ಕಟ್ಟಿ ಹಗ್ಗವನ್ನು ಹಾಯಿಸಿದರೆ ಭಾರ ಹಂಚಿಹೋಗುತ್ತದೆ, ಯಾವುದೇ ಕೊಂಬೆಯೂ ಒಂಟಿಯಾಗಿ ಹೊರುವುದಿಲ್ಲ.

ರಿಂಗಿನ ಕೊರತೆಗಳನ್ನೂ ಹೇಳಬೇಕು. ಹಗುರ ರೆಂಬೆ ಅದರಲ್ಲಿ ತಾನಾಗಿ ಜಾರದೆ ನೇತಾಡುತ್ತದೆ. ಇಳಿಸಿದ ಮೇಲೆ ಬರಿ ಹಗ್ಗವನ್ನು ಮೇಲಕ್ಕೆ ಎಳೆದುಕೊಳ್ಳುವಾಗ ಹತ್ತಿದವರ ತೋಳು ಸೋಲುತ್ತದೆ. ಕೆಳಗಿನ ಕಡೆಯ ಹಗ್ಗಕ್ಕೆ ಎಳೆತ ಕಡಿಮೆ ಮುಟ್ಟುವುದರಿಂದ ಅಷ್ಟು ಉದ್ದದ ಹಗ್ಗ ಹಿಗ್ಗಿ ಏಟನ್ನು ನುಂಗುವ ಅನುಕೂಲವೂ ಕಡಿಮೆಯಾಗುತ್ತದೆ. ಆದ್ದರಿಂದ ಕೊಂಬೆಯನ್ನು ಮೊದಲು ಮೇಲೆತ್ತಿ ಹೆಂಚಿನಿಂದ ಆಚೆ ತಿರುಗಿಸಬೇಕಾದಲ್ಲಿ ಬ್ಲಾಕೇ ಬೇಕು, ರಿಂಗಿನಲ್ಲಿ ಎಳೆದರೆ ಅರ್ಧ ಶ್ರಮ ಅದಕ್ಕೇ ಹೋಗುತ್ತದೆ. ಅಂಥ ಎತ್ತುವ ಕೆಲಸಕ್ಕೆ ಜಿಆರ್‌ಸಿಎಸ್ ಎಂಬ ವಿಂಚ್ ಜೋಡಿಸಿದ ಸಾಧನವೂ ಇದೆ, ಒಳ್ಳೆಯದೇ. ಆದರೆ ಅದರ ಬೆಲೆ ಮತ್ತು ತೂಕ ನಗರದಲ್ಲಿ ಇದನ್ನೇ ವೃತ್ತಿಯಾಗಿಸಿಕೊಂಡವರಿಗಷ್ಟೇ ಹೊಂದುತ್ತದೆ. ಬೆಟ್ಟ ಹತ್ತುವವರ ಎಂಟರ ಆಕಾರದ ಸಾಧನವನ್ನು ಕೆಲವರು ಬುಡದಲ್ಲಿ ಬಳಸುತ್ತಾರೆ. ಅದು ಹಗ್ಗವನ್ನು ತಿರುಚುತ್ತದೆ, ಬೇಗ ಕಾಯುತ್ತದೆ, ದಿಮ್ಮಿಗೆ ತಕ್ಕದ್ದಲ್ಲ.

ಕಾಫಿ ತೋಟಕ್ಕೇ ವಿಶೇಷವಾದ ಒಂದು ತೊಡಕಿದೆ. ಕಡಿಯುವ ಮರದ ಬುಡಕ್ಕೇ ಸಾಧನ ಕಟ್ಟುವುದು ವಾಡಿಕೆಯಾದರೂ, ಆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದ್ದರೆ ಸ್ಲಿಂಗ್ ಬಳ್ಳಿಯನ್ನು ಹಿಸುಕುತ್ತದೆ. ಬಳ್ಳಿಯನ್ನು ಹೇಗೂ ತೆಗೆಯಬೇಕೆಂದಿದ್ದರೆ ಸರಿ. ಉಳಿಸಬೇಕೆಂದರೆ ಬಳ್ಳಿಯಿಲ್ಲದ ಗಟ್ಟಿ ಮರವೊಂದನ್ನು ಹುಡುಕಿ ಅಲ್ಲಿಗೆ ಕಟ್ಟಬೇಕು. ಹಾಗೆ ಕಟ್ಟಿದಾಗ ಹಗ್ಗ ಓರೆಯಾಗಿ ಬರುವುದರಿಂದ ಮೇಲಿನ ರಿಂಗಿನ ಮೇಲಿನ ಎಳೆತ ಸ್ವಲ್ಪ ತಗ್ಗುತ್ತದೆ, ಆದರೆ ಕಾಂಡ ಆ ಕಡೆಗೆ ವಾಲುವ ಒತ್ತಡ ಹೆಚ್ಚುತ್ತದೆ. ಒಣಮರದಲ್ಲಿ ಇದನ್ನು ಮಾಡಬಾರದು. ಹಗ್ಗ ಹಿಡಿದವರಿಗೆ ತುಂಡು ಬೀಳುವ ಜಾಗದಿಂದ ದೂರ ನಿಲ್ಲಲು ಸಿಗುವ ಅವಕಾಶವೇ ಈ ಓರೆ ಕಟ್ಟಿನ ದೊಡ್ಡ ಲಾಭ. ಸಾಧನವನ್ನು ಎಲ್ಲಿಗೇ ಕಟ್ಟಿದರೂ, ತುಂಡು ಕತ್ತರಿಸುವ ಮೊದಲು ಹಗ್ಗವನ್ನು ಜಗ್ಗಿ ಸ್ಲಿಂಗನ್ನು ಮೇಲ್ಮುಖವಾಗಿ ಬಿಗಿಮಾಡಿಕೊಳ್ಳದಿದ್ದರೆ, ಭಾರ ಬಿದ್ದಾಗ ಪೋರ್ಟಾ ರ‍್ಯಾಪ್ ಒಂದೆರಡು ಅಡಿ ಮೇಲಕ್ಕೆ ನೆಗೆಯುತ್ತದೆ. ಕೈ, ಮುಖ ಅಲ್ಲಿರಬಾರದು.

ಒಟ್ಟು ಜೋಡಣೆಯಲ್ಲಿ ಹಗ್ಗಕ್ಕಿಂತ ಸ್ಲಿಂಗ್ ಗಟ್ಟಿಯಾಗಿರಬೇಕು. ಮೇಲಿನ ಸ್ಲಿಂಗ್ ಎರಡು ಪಟ್ಟು ಭಾರ ಹೊರುವುದರಿಂದ, 12 ಅಥವಾ 13 ಮಿ.ಮೀ. ಹಗ್ಗಕ್ಕೆ 16 ಮಿ.ಮೀ., 16ರ ಹಗ್ಗಕ್ಕೆ 19 ಮಿ.ಮೀ. ಸ್ಲಿಂಗ್ ಎಂದು ನಾನು ಆರಿಸುತ್ತೇನೆ. ಕೆಲಸದ ಭಾರ ಹರಿಯುವ ಬಲದ ಹತ್ತನೇ ಒಂದು ಪಾಲನ್ನು ಮೀರದಂತೆ ನೋಡಿಕೊಂಡರೆ ಗಂಟು, ಬಾಗು, ಹಳೆತನಗಳಿಗೆ ಜಾಗ ಉಳಿಯುತ್ತದೆ. ಇಳಿಸಲು ಬಳಸಿದ ಸ್ಲಿಂಗನ್ನು ಮನುಷ್ಯರು ಹತ್ತುವ ಕೆಲಸಕ್ಕೆ ಮತ್ತೆ ಬಳಸಬಾರದು. ಗುರುತಿಗೆ ಬೇರೆ ಚೀಲದಲ್ಲಿ ಇಟ್ಟರೆ ಗೊಂದಲವಿರುವುದಿಲ್ಲ.

ಕೆಲಸ ಮುಗಿದ ಮೇಲೆ ಮಣ್ಣನ್ನು ತಿಳಿ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು, ಏಕೆಂದರೆ ಹೆಣಿಗೆಯೊಳಗೆ ಸೇರಿದ ಮರಳಿನ ಕಣ ಒಳಗಿನಿಂದಲೇ ಎಳೆಗಳನ್ನು ಕೊಯ್ಯುತ್ತದೆ. ತೋಟದ ಉಗ್ರಾಣದಲ್ಲಿ ಸುಣ್ಣದ ಮೂಟೆಯ ಪಕ್ಕ ಪಾಲಿಯೆಸ್ಟರನ್ನೂ, ಬ್ಯಾಟರಿಯ ಪಕ್ಕ ನೈಲಾನನ್ನೂ ಇಡಬಾರದು. ಮೊದಲನೆಯದಕ್ಕೆ ಕ್ಷಾರ, ಎರಡನೆಯದಕ್ಕೆ ಆಮ್ಲ ಶತ್ರು. ಬ್ರಿಟನ್ನಿನಲ್ಲಿ 1998ರ ಲೋಲರ್ ನಿಯಮಗಳ ಪ್ರಕಾರ ಭಾರ ಎತ್ತಿ ಇಳಿಸುವ ಸಲಕರಣೆಗಳನ್ನು ವರ್ಷಕ್ಕೊಮ್ಮೆಯಾದರೂ, ಮನುಷ್ಯರನ್ನು ಹೊರುವವನ್ನೂ ಸ್ಲಿಂಗಿನಂಥ ಪರಿಕರಗಳನ್ನೂ ಆರು ತಿಂಗಳಿಗೊಮ್ಮೆಯಾದರೂ ಬಲ್ಲವರಿಂದ ತಪಾಸಣೆ ಮಾಡಿಸಲೇಬೇಕು. ನಮ್ಮ ತೋಟದಲ್ಲಿ ಅದನ್ನು ಕೇಳುವವರಿಲ್ಲದಿದ್ದರೂ ಮಳೆಗಾಲ ಕಳೆದ ಮೇಲೆ ಪ್ರತಿ ಸ್ಲಿಂಗನ್ನೂ ಬೆರಳಿನಿಂದ ಮುಟ್ಟಿ ನೋಡುವುದನ್ನು ರೂಢಿಸಿಕೊಂಡಿದ್ದೇವೆ. ಎಲ್ಲಾದರೂ ಮೈ ಗಾಜಿನಂತೆ ಬಿರುಸಾಗಿದ್ದರೆ, ಒಂದು ಎಳೆ ಪೂರ್ತಿ ತುಂಡಾಗಿದ್ದರೆ, ಗರಗಸದ ಹಲ್ಲು ತಾಗಿದ ಗುರುತಿದ್ದರೆ ಆ ಸ್ಲಿಂಗ್ ಕೆಲಸಕ್ಕೆ ಬಾರದು. ಅಂಥದ್ದನ್ನು ಮೂಲೆಯಲ್ಲಿ ತೂಗುಹಾಕಿದರೆ ಅವಸರದಲ್ಲಿ ಯಾರಾದರೂ ಮತ್ತೆ ಮರಕ್ಕೆ ಒಯ್ಯುತ್ತಾರೆ. ಆದ್ದರಿಂದ ಅಂದೇ ಅದನ್ನು ಮೊಳದುದ್ದದ ತುಂಡುಗಳಾಗಿ ಕತ್ತರಿಸಿ ಹಾಕಬೇಕು.